ಅಂಗೈ ಕೆಂಪಾಗುವ ಸುಗ್ಗಿ

ನಿಯಮ ಇಷ್ಟೇ: ಸುಗ್ಗಿಯ ಹೂಜಿಯ ಮೇಲೆ ಬರೆದ ಚಿತ್ರ, ಕುಡಿಯುವವರ ಕೈಗೆ ಹತ್ತಿ ಅಳಿಯಬೇಕು. ಯಾರೂ ಅದನ್ನು ಉಳಿಸಿಕೊಳ್ಳಬಾರದು.

ಈ ಕಥೆಯಲ್ಲಿ ಬರುವ ಹೆಚ್ಚಿನವರೆಲ್ಲ ಅದನ್ನು ಮುರಿದವರೇ.

ವರದಾ ನದಿಯ ದಡದಲ್ಲಿ ಒಂದು ಸಣ್ಣ ಆಶ್ರಮವಿತ್ತು. ಎರಡು ಕೋಣೆ, ಕುಂಬಾರಿಕೆಗೆ ಒಂದು ತಿಗರಿ, ಹಿತ್ತಿಲಲ್ಲಿ ಮಡಕೆ ಸುಡುವ ಆವಿಗೆ. ಗುರು ಅಡಿವೆಯ್ಯನವರು ಅಲ್ಲಿ ಮಣ್ಣಿನ ಹೂಜಿ ಮಾಡುತ್ತಿದ್ದರು. ಕಲಿಯಬಂದವರಿಗೆ ಅದೇ ಪಾಠ. ಪ್ರವಚನ ಇರಲಿಲ್ಲ.

ಸುಗ್ಗಿಯಲ್ಲಿ ಜೋಳದ ರಾಶಿ ಮಾಡುವ ದಿನ ಆಶ್ರಮದ ಹೂಜಿ ಕಣಕ್ಕೆ ಹೋಗುತ್ತಿತ್ತು. ಹೊಲದ ಒಡೆಯ ಅದರಲ್ಲಿ ಹೊಳೆಯ ನೀರು ತುಂಬಿ, ಎರಡೂ ಕೈಯಲ್ಲಿ ಹಿಡಿದು, ಕೊಯ್ದವರಿಗೆ ಕೊಡಬೇಕು. ಕೊಡುವಾಗ ಹೇಳಬೇಕಾದ ಮಾತು ಒಂದೇ: ‘ನಿಮ್ಮ ಕೈಯಿಂದ ಉಂಡೆ.’

ಅವರು ಕುಡಿಯುತ್ತಾರೆ. ಹೂಜಿ ಕೈಯಿಂದ ಕೈಗೆ ಹೋಗುತ್ತದೆ. ಆಮೇಲೆ ಕಣದಲ್ಲಿದ್ದ ಯಾರದೋ ಮನೆ ಸೇರಿ, ಬೇಸಿಗೆಯೆಲ್ಲ ನೀರನ್ನು ತಣ್ಣಗೆ ಇಡುತ್ತದೆ.

ಚಿತ್ರ ಬರೆಯುವುದು ಹೂಜಿಯನ್ನು ಸುಟ್ಟ ಮೇಲೆ. ಬಣ್ಣ ಎಂದರೆ ಹುರಮಂಜು ಎಂಬ ಕೆಮ್ಮಣ್ಣಿನ ಕೆಂಪು, ಸುಣ್ಣದ ಬಿಳುಪು. ಒಳಗಿನ ನೀರಿಗೆ ಹೂಜಿ ಬೆವರುತ್ತದೆ, ಬೆವರಿದಷ್ಟೂ ನೀರು ತಣ್ಣಗಾಗುತ್ತದೆ, ಬೆವರಿಗೆ ಬಣ್ಣ ಸಡಿಲಾಗುತ್ತದೆ, ಹಿಡಿದವರ ಅಂಗೈಗೆ ಬರುತ್ತದೆ. ಮುಂಗಾರು ಹಿಡಿಯುವಷ್ಟರಲ್ಲಿ ಹೂಜಿ ಬೋಳು. ಮರುವರ್ಷ ಮತ್ತೊಂದು ಬೇಕು.

ದ್ಯಾಮಣ್ಣ ಆಶ್ರಮಕ್ಕೆ ಬರುವ ಮೊದಲು ಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಅವನು ಬಂದ ದಿನ ಗುರು ಕೇಳಿದರು:

“ಏನು ಬಲ್ಲೆ?”

“ಅಳಿಯದ ಹಾಗೆ ಬರೆಯಬಲ್ಲೆ.”

“ಹಾಗಿದ್ದರೆ ನಿನಗೆ ಬಹಳ ದಿನ ಹಿಡಿಯುತ್ತದೆ,” ಎಂದು ಗುರು ಅವನ ಕೈಗೆ ಕಸಬರಿಗೆ ಕೊಟ್ಟರು.

ಅವನು ಗುಡಿಸಿದ. ಮಣ್ಣು ತುಳಿದ. ಹುರಮಂಜು ಅರೆದ. ಕೊನೆಗೆ ಕುಂಚ ಹಿಡಿದ. ವರ್ಷಗಳು ಹೋದವು. ಮದುವೆಯ ಮಾತು ಬಂದಾಗ ಆಶ್ರಮವೇ ಸಾಕು ಎಂದ. ಮೊದಲ ಸಲ ತಿಗರಿಯ ಮೇಲೆ ಅವನ ಹೂಜಿ ನೆಟ್ಟಗೆ ನಿಂತಾಗ ಗುರು ಅದರ ಕತ್ತನ್ನು ಎರಡು ಬೆರಳಲ್ಲಿ ತಟ್ಟಿ, “ಇದಕ್ಕೆ ಬಾಯಿದೆ, ಹೊಟ್ಟೆಯಿದೆ. ಇನ್ನು ಹಸಿವು ಬರಬೇಕು,” ಎಂದಿದ್ದರು. ಆ ಮಾತನ್ನು ದ್ಯಾಮಣ್ಣ ಹೊಗಳಿಕೆ ಎಂದೇ ಇಟ್ಟುಕೊಂಡಿದ್ದ.

ಈ ವರ್ಷ ಗುರುಗಳ ಬಲಗೈ ನಡುಗತೊಡಗಿತು.

ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗುವ ಮೊದಲೇ ಅರ್ಧ ತಟ್ಟೆಗೆ ಬೀಳುತ್ತಿತ್ತು. ದ್ಯಾಮಣ್ಣ ಬೇರೆ ಕಡೆ ನೋಡುತ್ತಿದ್ದ.

“ಈ ಕಡೆಯೇ ನೋಡು,” ಎಂದರು ಗುರು ಒಂದು ದಿನ. “ಬಿದ್ದದ್ದನ್ನು ಎತ್ತಿಹಾಕಲು ಯಾರಾದರೂ ಬೇಕು.”

ಸುಗ್ಗಿ ಹತ್ತಿರವಾಯಿತು. ಗುರು ಒಂದೇ ಒಂದು ಹೂಜಿ ಮಾಡಿದರು.

“ಒಂದೇ ಸಾಕೇ?” ದ್ಯಾಮಣ್ಣ ಕೇಳಿದ.

“ಕೇಳಿರುವುದು ರುದ್ರಗೌಡರೊಬ್ಬರೇ.”

“ಮುಂಚೆ ಆವಿಗೆ ತುಂಬ ಸುಡುತ್ತಿದ್ದಿರಂತೆ. ಪ್ರತಿ ಕಣಕ್ಕೂ ಒಂದು ಹೋಗುತ್ತಿತ್ತಂತೆ.”

“ಹೌದು.”

“ಈಗ ಯಾಕೆ ಯಾರೂ ಕೇಳುವುದಿಲ್ಲ?”

“ಅದನ್ನು ಅವರನ್ನೇ ಕೇಳಬೇಕು. ನಾನು ಇನ್ನೂ ಹೋಗಿ ಕೇಳಿಲ್ಲ.”

ಹೂಜಿ ಸುಟ್ಟು ಹೊರಬಂತು. ಗುರು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಬರೆಯಲು ಕೂತರು. ಕತ್ತಿನ ಸುತ್ತ ಜೋಳದ ತೆನೆ. ಹೆಗಲಿನ ಮೇಲೂ ಹೊಟ್ಟೆಯ ಮೇಲೂ ಗುರೆಳ್ಳಿನ ಹೂವುಗಳು. ಪ್ರತಿ ಹೂವಿನಲ್ಲೂ ಒಂದು ಎಸಳು ಎಡಕ್ಕೆ ಮಡಚಿಕೊಂಡಿರುತ್ತದೆ. ಗುರುಗಳ ಹೂವನ್ನು ಆ ಎಸಳಿನಿಂದಲೇ ಗುರುತಿಸಬಹುದಿತ್ತು. ದ್ಯಾಮಣ್ಣನಿಗೂ ಈಗ ಹಾಗೆಯೇ ಬರೆಯಲು ಬರುತ್ತಿತ್ತು.

ಕೊನೆಯ ಹೂವಿನ ಗೆರೆ ಓರೆಯಾಯಿತು.

“ಗುರುಗಳೇ, ಅದು ಸ್ವಲ್ಪ ವಾಲಿದೆ.”

“ಗಾಳಿ ಬೀಸುತ್ತಿದೆ ಎಂದುಕೋ.”

ಬರೆದು ಮುಗಿಸಿ ಕುಂಚವನ್ನು ಶಿಷ್ಯನ ಕೈಗೆ ಕೊಟ್ಟರು.

“ತೊಳೆದಿಡು.”

“ನಾಳೆಗೆ ನೆನೆಸಿಡಲೇ?”

“ನಾಳೆಗೆ ಬೇಡ. ಇನ್ನು ಅದು ನಿನ್ನ ಕುಂಚ.”

ದ್ಯಾಮಣ್ಣ ಕುಂಚ ತೊಳೆದ. ತೊಳೆದ ನೀರು ಕೆಂಪಾಗಿ ಹರಿದುಹೋಯಿತು. ಅವನಿಗೆ ಅದನ್ನು ನೋಡಲಾಗಲಿಲ್ಲ.

ಗುರು ಸ್ನಾನಕ್ಕೆ ಹೊಳೆಗೆ ಇಳಿದ ಹೊತ್ತಿನಲ್ಲಿ ಅವನು ಅಗಸೆ ಎಣ್ಣೆ ಕಾಯಿಸಿ ಅದರಲ್ಲಿ ರಾಳ ಕರಗಿಸಿದ. ಪೇಟೆಯಲ್ಲಿ ಬೋರ್ಡಿನ ಮೇಲೆ ಹಚ್ಚುತ್ತಿದ್ದದ್ದು ಅದನ್ನೇ. ಎಂಥ ಮಳೆ ಹೊಡೆದರೂ ಅಕ್ಷರ ಅಲುಗುತ್ತಿರಲಿಲ್ಲ. ಕತ್ತಿನಿಂದ ಬುಡದವರೆಗೆ ಹೂಜಿಗೆ ತೆಳ್ಳಗೆ ಬಳಿದ. ಹೂವುಗಳು ನೀರಿನೊಳಗಿನಿಂದ ಕಂಡ ಹಾಗೆ ಹೊಳೆದವು.

ಗುರು ಒದ್ದೆ ಪಂಚೆಯಲ್ಲಿ ಬಂದು ಬಾಗಿಲಲ್ಲಿ ನಿಂತರು.

“ಏನೋ ವಾಸನೆ.”

“ದೀಪದ ಎಣ್ಣೆ ಚೆಲ್ಲಿತು, ಗುರುಗಳೇ.”

ಅವರು ದೀಪದ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಗುರುವಿನ ಮುಂದೆ ದ್ಯಾಮಣ್ಣ ಆಡಿದ ಮೊದಲ ಸುಳ್ಳು ಅದು.

ರಾಶಿಯ ದಿನದ ಹೊತ್ತಿಗೆ ರಾಳ ಚೆನ್ನಾಗಿ ಒಣಗಿತ್ತು.

ಕಣದಲ್ಲಿ ಜೋಳದ ರಾಶಿ ಆಳೆತ್ತರ ನಿಂತಿತ್ತು. ರುದ್ರಗೌಡರು ಬೆಳಿಗ್ಗೆಯೇ ಹೂಜಿಗೆ ನೀರು ತುಂಬಿಸಿ ನೆರಳಲ್ಲಿ ಇಡಿಸಿದ್ದರು. ಬಿಸಿಲೇರಿದಾಗ ಎರಡೂ ಕೈಯಲ್ಲಿ ಅದನ್ನೆತ್ತಿ, ಕೊಯ್ಲಿನ ಗುಂಪಿನ ಹಿರಿಯಳಾದ ಫಕೀರವ್ವನ ಮುಂದೆ ನಿಂತರು.

“ನಿಮ್ಮ ಕೈಯಿಂದ ಉಂಡೆ.”

ಫಕೀರವ್ವ ಕೈ ಒರೆಸಿಕೊಂಡು ಹೂಜಿ ತೆಗೆದುಕೊಂಡಳು. ಶಿಷ್ಯನ ಜೊತೆ ಪಕ್ಕದಲ್ಲಿ ನಿಂತಿದ್ದ ಗುರುಗಳ ಕಡೆ ತಿರುಗಿದಳು.

“ಏನು ಚಂದ ಐತ್ರಿ ಅಜ್ಜಾರ. ಹೊಸಾ ಕೊಡದಂಗ ಹೊಳಿಯಾಕತ್ತೈತಿ.”

ಎತ್ತಿ ಕುಡಿದಳು. ಒಂದು ಗುಟುಕು ಬಾಯಲ್ಲೇ ನಿಂತಿತು.

“ಯಾಕ ಅತ್ತಿ, ಒಳಗ ಇಳೀವಲ್ದೇನು?” ಪಕ್ಕದಲ್ಲಿದ್ದ ಹೆಂಗಸು ಕೇಳಿದಳು.

ಫಕೀರವ್ವ ನುಂಗಿದಳು. “ಬೆಚ್ಚಗ ಐತಿ.”

ಆ ಹೆಂಗಸೂ ಕುಡಿದು ನೋಡಿದಳು. “ಹೌದ ಖರೇ. ಹೂಜಿಗೆ ಜ್ವರ ಬಂದಿರಬೇಕು.”

ಕಣದಲ್ಲಿ ನಗು ಎದ್ದಿತು. ದ್ಯಾಮಣ್ಣ ನಗಲಿಲ್ಲ.

ಹೂಜಿ ಸಾಲೆಲ್ಲ ಸುತ್ತಿ ಕೊನೆಗೆ ಗುರುಗಳ ಕೈಗೆ ಬಂತು. ಅವರು, ಹಣೆ ಮುಟ್ಟಿ ಜ್ವರ ನೋಡುವ ಹಾಗೆ, ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ತೆಗೆದು ಅಂಗೈ ನೋಡಿಕೊಂಡರು. ಒಣಗಿತ್ತು, ಬೆಳ್ಳಗಿತ್ತು.

ಆಮೇಲೆ ನಿಧಾನವಾಗಿ, ಒಂದು ಗುಟುಕೂ ಬಿಡದೆ, ಒಳಗಿದ್ದಷ್ಟನ್ನೂ ಕುಡಿದರು.

“ನಿಮ್ಮ ಕೈಯಿಂದ ಉಂಡೆ, ಫಕೀರವ್ವ,” ಎಂದರು. ಗೌಡರ ಕಡೆ ತಿರುಗಿ, “ಇದನ್ನು ಇವತ್ತು ನಾನು ಒಯ್ಯುತ್ತೇನೆ. ನಿಮ್ಮ ಕೆಳಗಿನ ಹೊಲದ ರಾಶಿ ನಾಳೆಯಲ್ಲವೇ? ಆಗ ಹೂಜಿ ಬರುತ್ತದೆ,” ಎಂದರು.

ಸಂಜೆ ಊರೊಳಗಿನ ದಾರಿಯಲ್ಲಿ ಗುರು ನಿಂತರು.

“ಬಾಯಾರಿದೆ. ಬಾ.”

ಮೊದಲು ರುದ್ರಗೌಡರ ಮನೆ. ಗೌಡರು ಕುರ್ಚಿ ಹಾಕಿಸಿದರು. ಗಾಜಿನ ಕಪಾಟಿನಲ್ಲಿ ಆಶ್ರಮದ ಹೂಜಿಗಳು ಸಾಲಾಗಿ ಕೂತಿದ್ದವು. ಅವುಗಳ ಮೇಲೊಂದು ಪುಟ್ಟ ಬಲ್ಬು ಉರಿಯುತ್ತಿತ್ತು.

“ನೋಡ್ರಿ ಅಜ್ಜಾರ, ಒಂದ ಗೆರಿ ಸೈತ ಹೋಗಿಲ್ಲ,” ಎಂದರು ಗೌಡರು. “ಮೊಮ್ಮಕ್ಕಳಿಗೆ ಕೈ ಹಚ್ಚಾಕ ಬಿಡಂಗಿಲ್ಲ. ಕಣದಾಗೂ ಕುಡಿಯೂ ಹೊತ್ತಿಗಷ್ಟ ನೀರು ತುಂಬಿ, ಒಂದ ಸುತ್ತು ಕುಡಿಸಿ, ಲಗೂನ ಒರಸಿ ತಂದಿಡ್ತೀನಿ. ಈ ಸಲ ಬಣ್ಣ ಗಟ್ಟಿ ಕಂಡಿತ್ತು, ಅದಕ್ಕ ಮುಂಜಾನೆನ ತುಂಬಿಸಿದೆ.”

“ಕುಡಿಯಲು ಸ್ವಲ್ಪ ನೀರು ಕೊಡಿಸಿ.”

ಫ್ರಿಜ್ಜಿನ ನೀರು ಬಂತು. ಗುರುಗಳ ಹಲ್ಲು ಜುಮ್ಮೆಂದಿತು. ಕುಡಿದು, ಕೈ ಮುಗಿದು ಎದ್ದರು.

ಆಮೇಲೆ ಫಕೀರವ್ವನ ಮನೆ. ಅವಳು ಆಗಷ್ಟೇ ಕೈಕಾಲು ತೊಳೆದುಕೊಂಡು ಒಲೆ ಹಚ್ಚಿದ್ದಳು. ಪ್ಲಾಸ್ಟಿಕ್ ಕೊಡದಿಂದ ಸ್ಟೀಲಿನ ಲೋಟಕ್ಕೆ ನೀರು ಬಗ್ಗಿಸಿ ತಂದಳು. ಒಳಗೋಡೆಯ ಗೂಡಿನಂಥ ಮಾಡಿನಲ್ಲಿ ಒಂದು ಹೂಜಿ, ಅದರ ಮೇಲೆ ಬಿಳಿ ಬಟ್ಟೆ.

“ಅದರಿಂದ ಕೊಡು, ಫಕೀರವ್ವ.”

“ಅಯ್ಯ, ಅದರಾಗ ನೀರು ಹಾಕ್ತಾರೇನ್ರಿ? ನೀವು ಬರದ ಹೂವು ಅಳಿತಾವು.”

“ಅಳಿಯಬಾರದು ಅಂತ ನಿನಗೆ ಯಾರು ಹೇಳಿದರು?”

“ಯಾರೂ ಹೇಳಿಲ್ರಿ.” ಅವಳು ಲೋಟವನ್ನು ಸೆರಗಿನಿಂದ ಸುಮ್ಮನೆ ಒರೆಸಿದಳು. “ನಮ್ಮ ಯಜಮಾನ್ರು ಇದ್ದ ಕಡೀ ಸುಗ್ಗಿದು ಅದು. ಅವರ ಕೈಯಿಂದ ನನ್ನ ಕೈಗೆ ಬಂದಿತ್ತು. ಅವತ್ತ ರಾತ್ರಿ ಬಟ್ಟಿ ಮುಚ್ಚಿ ಇಟ್ಟಾಕಿ, ಮತ್ತ ಇಳಿಸಿಲ್ರಿ.”

ಗುರು ಲೋಟದ ನೀರು ಕುಡಿದರು. ಮಾಡಿನ ಕಡೆಗೂ ಅವಳ ಕಡೆಗೂ ಕೈ ಮುಗಿದರು.

ಹೊಳೆಯ ದಾರಿ ಹಿಡಿದಾಗ ದ್ಯಾಮಣ್ಣ ಹೇಳಿದ:

“ಗುರುಗಳೇ, ನಿಮ್ಮ ಹೂವನ್ನು ಎಲ್ಲರೂ ಎಷ್ಟು ಜೋಪಾನ ಮಾಡಿದ್ದಾರೆ.”

“ಹೌದು. ಪ್ರತಿ ಮನೆಯಲ್ಲೂ ನಾನಿದ್ದೇನೆ. ಯಾವ ಮನೆಯಲ್ಲೂ ನನ್ನ ಹೂಜಿಯ ನೀರು ಸಿಗಲಿಲ್ಲ.”

ಸ್ವಲ್ಪ ದೂರ ನಡೆದರು.

“ಇದ್ದದ್ದು ಹಾಗೇ ಇದ್ದರೆ ಹೊಸದು ಯಾಕೆ ಬೇಕು?” ಎಂದರು ಗುರು. “ನೀನು ಕೇಳಿದ್ದೆಯಲ್ಲ, ಆವಿಗೆ ಯಾಕೆ ತುಂಬುತ್ತಿಲ್ಲ ಎಂದು.”

ದ್ಯಾಮಣ್ಣ ತಲೆ ತಗ್ಗಿಸಿದ. “ನಾನು ರಾಳ ಹಚ್ಚಿದೆ.”

“ಗೊತ್ತು. ಬಾಯಲ್ಲಿ ಇನ್ನೂ ಅದೇ ರುಚಿ.”

“ದೀಪದ ಎಣ್ಣೆ ಚೆಲ್ಲಿರಲಿಲ್ಲ.”

“ಅದೂ ಗೊತ್ತು. ದೀಪ ತುಂಬಿತ್ತು.” ಗುರು ದಡದ ಕಲ್ಲಿನ ಮೇಲೆ ಕೂತರು. “ಯಾಕೆ ಹಚ್ಚಿದೆ?”

“ನಿಮ್ಮ ಕೈ ನಿಲ್ಲುತ್ತಿದೆ. ಇನ್ನು ನೀವು ಬರೆಯುವುದಿಲ್ಲ. ಇದೊಂದಾದರೂ ನನ್ನ ಕಣ್ಣ ಮುಂದೆ ಇರಲಿ ಅಂತ. ನಾನು ಕಲಿತದ್ದೆಲ್ಲ ಆ ಕೈಯಿಂದ. ನಿಮಗೆ ನಾನೇನು ಕೊಟ್ಟಿದ್ದೇನೆ? ನಿಮ್ಮ ಒಂದು ಹೂವನ್ನಾದರೂ ಉಳಿಸಿದೆ ಅನ್ನಿಸಿಕೊಳ್ಳಬೇಕಿತ್ತು.”

“ಹೂವು ಉಳಿಯಿತು. ಕೊಯ್ದವರು ಬಿಸಿನೀರು ಕುಡಿದರು.”

ದ್ಯಾಮಣ್ಣ ಹೂಜಿಯನ್ನು ತನ್ನ ಕಡೆಗೆ ಎಳೆದುಕೊಂಡ.

“ಬೂದಿ ನೀರು ಕಾಯಿಸು. ತೆಂಗಿನ ನಾರಿನಿಂದ ತಿಕ್ಕಿದರೆ ರಾಳ ಬಿಡುತ್ತದೆ.”

“ಅದರ ಜೊತೆಗೆ ಚಿತ್ರವೂ ಹೋಗುತ್ತದೆ.”

“ಹೋಗುತ್ತದೆ.”

“ಬೇರೆ ಯಾವ ಶಿಕ್ಷೆಯನ್ನಾದರೂ ಕೊಡಿ, ಗುರುಗಳೇ.”

“ಇದು ಕೆಲಸ. ಶಿಕ್ಷೆ ಎಂದು ಯಾರು ಹೇಳಿದರು?”

“ನೀವಾಗಿದ್ದರೆ ಮಾಡುತ್ತಿದ್ದಿರಾ?” ಕೇಳಬಾರದೆಂದು ಗೊತ್ತಿದ್ದೂ ದ್ಯಾಮಣ್ಣ ಕೇಳಿದ. “ನಿಮ್ಮ ಗುರುಗಳ ಕೊನೆಯ ಹೂಜಿಯನ್ನು ನಿಮ್ಮ ಕೈಯಿಂದಲೇ ತಿಕ್ಕಿ ತೊಳೆ ಎಂದಿದ್ದರೆ?”

ಹೊತ್ತು ಮುಳುಗುತ್ತಿತ್ತು. ಗುರು ಕೋಲೂರಿ ಎದ್ದರು.

“ಬಾ.”

ಆಶ್ರಮದ ಒಳಕೋಣೆಯಲ್ಲಿ ಜೋಳ ತುಂಬಿಡುವ ದೊಡ್ಡ ಗುಡಾಣ ಇತ್ತು. ಗುರು ಅದರ ಹಿಂದಕ್ಕೆ ಕೈ ಹಾಕಿ, ಹಳೆಯ ಧೋತರದಲ್ಲಿ ಸುತ್ತಿದ್ದ ಒಂದು ಗಂಟನ್ನು ತೆಗೆದರು. ಬಿಚ್ಚಲು ಅವರ ಬೆರಳಿಗೆ ಆಗಲಿಲ್ಲ. ದ್ಯಾಮಣ್ಣ ಬಿಚ್ಚಿದ.

ಹೂಜಿ. ಹುರಮಂಜು ನಿನ್ನೆ ಹಚ್ಚಿದಷ್ಟು ಕೆಂಪಾಗಿತ್ತು.

“ಮುಪ್ಪಯ್ಯನವರು ಮಾಡಿದ್ದು,” ಎಂದರು ಗುರು. “ನನ್ನ ಗುರುಗಳು. ಇದೇ ಕೊನೆಯದು. ಕಣಕ್ಕೆ ಕೊಟ್ಟು ಬಾ ಅಂದರು. ಹೊರಟೆ. ಅರ್ಧ ದಾರಿಯಿಂದ ತಿರುಗಿ ಬಂದೆ. ಆ ವರ್ಷ ಕಣಕ್ಕೆ ಹೋದದ್ದು ನನ್ನ ಹೂಜಿ.”

“ಅವರಿಗೆ ಗೊತ್ತಾಯಿತೇ?”

“ಏನೂ ಕೇಳಲಿಲ್ಲ. ಸಂಜೆ ನನ್ನ ಅಂಗೈ ಹಿಡಿದು ನೋಡಿದರು, ಬಿಟ್ಟರು. ಮಳೆಗಾಲ ಬರುವ ಮೊದಲೇ ಹೋಗಿಬಿಟ್ಟರು.”

ದ್ಯಾಮಣ್ಣ ದೀಪವನ್ನು ಹತ್ತಿರ ತಂದ.

“ನಾನು ರಾಳ ಹಚ್ಚಲಿಲ್ಲ,” ಎಂದರು ಗುರು. “ನಿನಗಿಂತ ಜಾಣ. ನೀರನ್ನೇ ತೋರಿಸಲಿಲ್ಲ. ನಿಯಮವನ್ನು ನಿನಗೆ ಹೇಳಿಕೊಟ್ಟವನು ನಾನೇ, ನಿನಗಿಂತ ಮೊದಲು ಮುರಿದವನೂ ನಾನೇ. ಫಕೀರವ್ವನಿಗೆ ಯಾವ ಬಾಯಲ್ಲಿ ಹೇಳಲಿ?”

ದ್ಯಾಮಣ್ಣನ ಕಣ್ಣು ಹೂವಿನ ಮೇಲಿತ್ತು. ಗುರೆಳ್ಳಿನ ಹೂವು. ಪ್ರತಿ ಹೂವಿನಲ್ಲೂ ಒಂದು ಎಸಳು ಎಡಕ್ಕೆ ಮಡಚಿತ್ತು.

“ಈ ಎಸಳು ನಿಮ್ಮದು ಅಂದುಕೊಂಡಿದ್ದೆ.”

“ನಾನೂ ಮುಪ್ಪಯ್ಯನವರದು ಅಂದುಕೊಂಡಿದ್ದೆ. ಕೇಳಿದಾಗ ಅವರು ನಕ್ಕರು. ತಮ್ಮ ಗುರು ಹಾಗೆ ಬರೆಯುತ್ತಿದ್ದರು ಅಂದರು.”

“ಈ ಹೂಜಿಯನ್ನು ನೋಡಿ ನೋಡಿ ಕಲಿತಿರಾ?”

“ಇದನ್ನು ಮುಚ್ಚಿಟ್ಟ ಮೇಲೆ ನಾನು ಬಿಚ್ಚಿ ನೋಡಿದ್ದು ಇವತ್ತೇ.” ಗುರು ನಡುಗುವ ಬೆರಳಿನಿಂದ ಹೂವಿನ ಅಂಚನ್ನು ತೋರಿಸಿದರು, ಮುಟ್ಟಲಿಲ್ಲ. “ಅವರು ಬರೆದದ್ದೆಲ್ಲ ಅಳಿಯುತ್ತಿತ್ತು. ಸುಗ್ಗಿ ಬಂದಾಗ ಮತ್ತೆ ಬರೆಯಬೇಕಾಗುತ್ತಿತ್ತು. ಪ್ರತಿ ಕಣಕ್ಕೂ ಒಂದೊಂದು, ಆವಿಗೆ ತುಂಬ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯುತ್ತಿದ್ದರು, ನನ್ನಿಂದ ಬರೆಸುತ್ತಿದ್ದರು. ಹಾಗೆ ಬಂತು ಕೈಗೆ.”

ದ್ಯಾಮಣ್ಣ ತನ್ನ ಬಲಗೈಯನ್ನು ನೋಡಿಕೊಂಡ.

ಗುರು ಹೂಜಿಯನ್ನು ಅವನ ತೊಡೆಯ ಮೇಲೆ ಇಟ್ಟರು.

“ಇನ್ನು ಇದು ನಿನ್ನದು.”

“ನಾನೇನು ಮಾಡಲಿ ಇದನ್ನು?”

“ನನ್ನಿಂದ ಆದದ್ದು ಇಟ್ಟುಕೊಳ್ಳುವುದು ಒಂದೇ. ನೀನೂ ಇಟ್ಟುಕೋ. ನಿನಗೆ ಬೇಕಾಗಿದ್ದೂ ಅದೇ ಅಲ್ಲವೇ? ನನ್ನದೇನು, ನನ್ನ ಗುರುವಿನದೇ ಸಿಕ್ಕಿತು.”

ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ದಣಿದಿದ್ದರು. ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಗಾಯಿತು.

ಗುರು ಎದ್ದಾಗ ಶಿಷ್ಯ ಒಳಗಿರಲಿಲ್ಲ. ಗುಡಾಣದ ಹಿಂದೆ ನೋಡಿದರು. ಧೋತರ ಮಡಿಸಿ ಇಟ್ಟಿತ್ತು. ಹೂಜಿ ಇರಲಿಲ್ಲ.

ಹಿತ್ತಿಲಲ್ಲಿ ಬೂದಿ ನೀರಿನ ಹಂಡೆ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ತೆಂಗಿನ ನಾರು. ನೆಲದ ಮೇಲೆ ಕೆಂಪು ನೀರು ಹರಿದು ಇಂಗಿದ ಗುರುತು.

ಗುರು ಕೋಲು ತೆಗೆದುಕೊಂಡು ಕೆಳಗಿನ ಹೊಲದ ದಾರಿ ಹಿಡಿದರು. ಬೇಗ ನಡೆಯಲು ನೋಡಿದರು. ಆಗಲಿಲ್ಲ.

ದ್ಯಾಮಣ್ಣ ಬೆಳಕು ಹರಿಯುವ ಮೊದಲೇ ಗುರುಗಳ ಹೂಜಿಯನ್ನು ತೊಳೆದು ಮುಗಿಸಿದ್ದ. ರಾಳ ಹೋಯಿತು, ತೆನೆ ಹೋಯಿತು. ಗಾಳಿಗೆ ವಾಲಿದ ಹೂವು ಕೊನೆಗೆ ಹೋಯಿತು. ತಿಕ್ಕುವಾಗ ಕಣ್ಣು ಮುಚ್ಚಿಕೊಳ್ಳಲಿಲ್ಲ.

ಆಮೇಲೆ ಮುಪ್ಪಯ್ಯನವರ ಹೂಜಿಯನ್ನು ಎತ್ತಿಕೊಂಡು ಹೊಳೆಗೆ ಇಳಿದ. ಅಂಚಿನಲ್ಲಿ ನಿಂತ. ಹೂಜಿಯನ್ನು ಒಮ್ಮೆ ಎದೆಗೆ ಒತ್ತಿಕೊಂಡ. ಬಾಗಿ ನೀರು ತುಂಬಿದ.

ಅಷ್ಟು ಕಾಲ ಒಣಗಿದ್ದ ಮಣ್ಣು ಸುಯ್ ಎಂದು ನೀರು ಹೀರಿತು. ಒಳಗಿನಿಂದ ಗುಳ್ಳೆಗಳು ಎದ್ದವು. ಅವನು ಮತ್ತೆ ತುಂಬಿದ. ಅದು ಮತ್ತೆ ಹೀರಿತು.

ಕಣದಲ್ಲಿ ಬಿಸಿಲೇರುವಷ್ಟರಲ್ಲಿ ಹೂಜಿಯ ಹೊಟ್ಟೆಯ ಮೇಲೆ ಹನಿ ಮೂಡಿತ್ತು.

ಗುರು ಬಂದು ಕಣದ ಅಂಚಿನಲ್ಲಿ ನಿಂತರು. ಎರಡು ಹೂಜಿ ಕಂಡವು. ನೆಲದ ಮೇಲೆ ಬೋಳಾದದ್ದು, ದ್ಯಾಮಣ್ಣನ ಕೈಯಲ್ಲಿ ಹೂವಿನದು. ಹೂವಿನದು ಬೆವರುತ್ತಿತ್ತು. ಗುರುಗಳ ಬಾಯಿಂದ ಒಂದು ಸಣ್ಣ ಸದ್ದು ಬಂತು.

ದ್ಯಾಮಣ್ಣ ಅವರನ್ನು ನೋಡಿದ.

“ಇದನ್ನು ನಾನು ಇಟ್ಟುಕೊಳ್ಳಲಾರೆ, ಗುರುಗಳೇ.”

ಗುರು ಕೋಲನ್ನು ಬಿಗಿಯಾಗಿ ಹಿಡಿದು ನಿಂತರು.

“ಯಾರದಿದು?” ಫಕೀರವ್ವ ಹತ್ತಿರ ಬಂದಳು. “ನಿನ್ನಿ ಹೂಜಿ ಅಲ್ಲ ಇದು.”

“ಮುಪ್ಪಯ್ಯನವರದು.”

“ಮುಪ್ಪಯ್ಯಜ್ಜಾರದಾ? ನಾ ಮುಟ್ಟಂಗಿಲ್ಲಪ್ಪ. ನನ್ನ ಕೈಯಾಗ ಅಳಿಯೋದು ಬ್ಯಾಡ.”

“ನಿಮ್ಮ ಕೈಗೇ ಅಂತ ಅವರು ಮಾಡಿದ್ದು, ಅವ್ವ. ತಂದುಕೊಡುವುದು ತಡವಾಯಿತು.”

ಅವಳು ಗೌಡರ ಮುಖ ನೋಡಿದಳು. ರುದ್ರಗೌಡರು ಸುಮ್ಮನೆ ಮುಂದೆ ಬಂದು ಹೂಜಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅವಳಿಗೆ ಕೊಟ್ಟರು.

“ನಿಮ್ಮ ಕೈಯಿಂದ ಉಂಡೆ.”

ಫಕೀರವ್ವ ಕುಡಿದಳು. ಕಣ್ಣು ಮುಚ್ಚಿ ಒಂದು, ಕಣ್ಣು ತೆರೆದು ಒಂದು ಗುಟುಕು. ಹೂಜಿಯನ್ನು ಪಕ್ಕದವಳಿಗೆ ಕೊಟ್ಟು ಅಂಗೈ ಬಿಡಿಸಿ ನೋಡಿಕೊಂಡಳು. ಎರಡೂ ಕೆಂಪಾಗಿದ್ದವು.

“ನಮ್ಮವ್ವ ಹೇಳತಿದ್ಲು,” ಎಂದಳು, ಯಾರಿಗೆ ಅಂತಲ್ಲದೆ. “ಸುಗ್ಗಿ ದಿನ ಎಲ್ಲಾರ ಅಂಗೈ ಮದರಂಗಿ ಹಚ್ಚಿದಂಗ ಕೆಂಪಗ ಆಗತಿದ್ದುವಂತ. ಸುಮ್ಮನ ಕತಿ ಹೇಳತಾಳ ಅಂದುಕೊಂಡಿದ್ದೆ.”

“ಇವತ್ತಿನ ಹೂಜಿಗೆ ಜ್ವರ ಬಿಟ್ಟೈತಿ,” ಎಂದಳು ಪಕ್ಕದವಳು, ಬಾಯಿ ಒರೆಸಿಕೊಳ್ಳುತ್ತ. ಅವಳ ಗಲ್ಲದ ಮೇಲೆ ಅರ್ಧ ಎಸಳು ಮೂಡಿತು. ಎಲ್ಲರೂ ನಕ್ಕರು.

ಹೂಜಿ ಸಾಲಿನುದ್ದಕ್ಕೂ ಹೋಯಿತು. ಖಾಲಿಯಾದಾಗ ದ್ಯಾಮಣ್ಣ ತುಂಬಿ ತಂದ. ತೂರಿದವರು ಕುಡಿದರು. ಬಂಡಿ ಹೂಡಿದವರು ಕುಡಿದರು. ರುದ್ರಗೌಡರು ಕುಡಿದು, ಕೆಂಪು ಕೈಯನ್ನು ಬಿಳಿ ಅಂಗಿಗೆ ಒರೆಸಲು ಹೋಗಿ, ಒರೆಸದೆ ಬಿಟ್ಟರು.

ಫಕೀರವ್ವ ನೆಲದ ಮೇಲಿದ್ದ ಬೋಳು ಹೂಜಿಯನ್ನು ತೋರಿಸಿದಳು.

“ಇದು ಯಾರಿಗೆ?”

“ಬರುವ ಸುಗ್ಗಿಗೆ. ನಾನು ಬರೆಯಬೇಕು ಅದರ ಮೇಲೆ.”

“ಇನ್ನೂ ಒಂದಿಷ್ಟು ಮಾಡಿಡಪ್ಪ,” ಎಂದಳು ಅವಳು. “ನನ್ನದನ್ನ ಇವತ್ತ ಸಂಜೀಕ ಮಾಡಿನಿಂದ ಇಳಸ್ತೀನಿ.”

ಕುಡಿಯದೆ ಉಳಿದವರು ಒಬ್ಬರೇ.

ದ್ಯಾಮಣ್ಣ ಹೂಜಿ ತುಂಬಿ ತಂದು ಗುರುವಿನ ಮುಂದೆ ನಿಂತ. ಎರಡೂ ಕೈ ಮುಂದೆ ಚಾಚಿದ. ಗೌಡರು ಹೇಳುವ ಮಾತನ್ನು ಶಿಷ್ಯ ಗುರುವಿಗೆ ಹೇಳುವ ಪದ್ಧತಿ ಇರಲಿಲ್ಲ. ಅವನು ಹೇಳಿದ.

“ನಿಮ್ಮ ಕೈಯಿಂದ ಉಂಡೆ.”

ಗುರು ಕೋಲನ್ನು ಬಿಟ್ಟರು. ನಡುಗುವ ಎರಡು ಕೈಯಲ್ಲಿ ಹೂಜಿಯನ್ನು ತೆಗೆದುಕೊಂಡರು. ಕೆಳಗಿನಿಂದ ದ್ಯಾಮಣ್ಣ ಆನಿಸಿ ಹಿಡಿದ. ಅವರು ಕುಡಿದರು. ಅರ್ಧ ನೀರು ಎದೆಯ ಮೇಲೆ ಹರಿಯಿತು. ನಿಲ್ಲಿಸದೆ ಕುಡಿದರು.

ಆಮೇಲೆ ಒಂದು ಕೈ ತೆಗೆದು ಅಂಗೈ ನೋಡಿಕೊಂಡರು. ಗೆರೆಗೆರೆಯಲ್ಲೂ ಹುರಮಂಜು ಇಳಿದಿತ್ತು. ಅದನ್ನು ಬಹಳ ಹೊತ್ತು ನೋಡಿದರು, ಯಾರಿಗೋ ತೋರಿಸುವವರಂತೆ ಮೇಲಕ್ಕೆ ಹಿಡಿದರು.

ಹೂಜಿಯನ್ನು ಸುತ್ತ ತಿರುಗಿಸಿದರು. ಎಷ್ಟೋ ವರ್ಷ ಒಣಗಿದ್ದ ಬಣ್ಣ ಒಂದೇ ದಿನಕ್ಕೆ ಬಿಟ್ಟುಹೋಗಿತ್ತು. ತೆನೆ ಇರಲಿಲ್ಲ. ಹೂವುಗಳು ಇರಲಿಲ್ಲ. ಬುಡದ ಹತ್ತಿರ, ಯಾರ ಕೈಯೂ ತಾಗದ ಒಂದು ಮೂಲೆಯಲ್ಲಿ, ಎಡಕ್ಕೆ ಮಡಚಿದ ಒಂದು ಎಸಳು ಕಂಡಿತು.

ಗುರು ಹೂಜಿಯನ್ನು ಶಿಷ್ಯನಿಗೆ ಹಿಂದಿರುಗಿಸಿದರು.

“ದಾರಿಯಲ್ಲಿ ಹೋಗುವ ಯಾರನ್ನಾದರೂ ಕರೆ, ದ್ಯಾಮಣ್ಣ. ಇನ್ನೂ ಒಂದು ಎಸಳು ಉಳಿದಿದೆ.”